ಕಾಗದದಲ್ಲಿ ಉಳಿದ ವೇಷ

ಕಂಪನಿ ನಾಟಕಗಳ ಕಾಲವನ್ನು ಕಂಡವರಿಗೆ ಕಳ್ಳನ ಪಾತ್ರ ಎಂದೊಡನೆ ನೆನಪಾಗುವುದು ‘ಸದಾರಮೆ’. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಆ ನಾಟಕದಲ್ಲಿ ಕಳ್ಳನ ವೇಷ ಕಟ್ಟಿ ಹೆಸರಾದವರು ಗುಬ್ಬಿ ವೀರಣ್ಣನವರು. 1972ರಲ್ಲಿ ಅವರು ತೀರಿಕೊಂಡರು. ರಂಗದ ಮೇಲೆ ಆ ಕಳ್ಳ ಹೇಗೆ ಕಣ್ಣು ಹೊರಳಿಸುತ್ತಿದ್ದ, ಹೇಗೆ ಹೆಜ್ಜೆ ಇಡುತ್ತಿದ್ದ ಎಂಬುದನ್ನು ಇಂದಿನವರು ಹಿರಿಯರ ನೆನಪುಗಳಿಂದ, ಉಳಿದಿರುವ ಕೆಲವು ಫೋಟೊಗಳಿಂದ ಊಹಿಸಿಕೊಳ್ಳಬೇಕಷ್ಟೆ.

ಇನ್ನೊಬ್ಬ ಕಳ್ಳನಿದ್ದಾನೆ. ಅವನು ರಂಗಕ್ಕೆ ಬಂದದ್ದು 1794ರಲ್ಲಿ, ಜಪಾನಿನ ಎದೊ ನಗರದಲ್ಲಿ. ಅದೇ ಇಂದಿನ ಟೋಕಿಯೊ. ಪಾತ್ರದ ಹೆಸರು ಎದೊಬೆ. ಯಜಮಾನನ ಹಣವನ್ನು ಕಾಯುತ್ತಿರುವ ಇಪ್ಪೆ ಎಂಬ ಆಳಿನ ಮೇಲೆ ಬಿದ್ದು ಆ ಹಣವನ್ನು ದೋಚುವುದು ಅವನ ಕೆಲಸ. ಈ ಪಾತ್ರವನ್ನು ಆಡಿದಾತ ಮೂರನೆಯ ಒತಾನಿ ಒನಿಜಿ. ಆಗ ಫೋಟೊ ಇರಲಿಲ್ಲ, ಸಿನಿಮಾ ಇರಲಿಲ್ಲ. ಆದರೂ 230 ವರ್ಷಗಳ ನಂತರ ಆ ಕಳ್ಳನ ಕೆಂಪೇರಿದ ಕಣ್ಣಂಚು, ಬಿಗಿದ ತುಟಿ, ಅಂಗಿಯ ಒಳಗಿನಿಂದ ಹೊರಚಾಚಿ ಬೆರಳು ಹರಡಿದ ಎರಡು ಕೈಗಳು ನಮಗೆ ಗೊತ್ತು. ಜಗತ್ತಿನ ಕಲಾ ಪುಸ್ತಕಗಳಲ್ಲಿ, ಅಂಚೆ ಕಾರ್ಡುಗಳಲ್ಲಿ ಅವನ ಮುಖ ಓಡಾಡುತ್ತಿದೆ.

ಇದು ಸಾಧ್ಯವಾದದ್ದು ಒಂದು ಅಗ್ಗದ ಕಾಗದದಿಂದ. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ, ಒತ್ತಿ ತೆಗೆದು ಬೀದಿಯ ಅಂಗಡಿಗಳಲ್ಲಿ ಮಾರುತ್ತಿದ್ದ ನಟಚಿತ್ರ ಅದು. ಜಪಾನೀಯರು ಅದನ್ನು ‘ಯಾಕುಶಾ-ಎ’ ಎಂದು ಕರೆಯುತ್ತಾರೆ. ‘ಯಾಕುಶಾ’ ಎಂದರೆ ನಟ, ‘ಎ’ ಎಂದರೆ ಚಿತ್ರ.

ಆಡುವವನ ಕಷ್ಟ

ಕವಿ ಬರೆದದ್ದು ಓಲೆಯಲ್ಲಿ ಉಳಿಯುತ್ತದೆ. ಶಿಲ್ಪಿ ಕಡೆದದ್ದು ಕಲ್ಲಿನಲ್ಲಿ ಉಳಿಯುತ್ತದೆ. ಆಡುವವನದು, ಹಾಡುವವನದು ಹಾಗಲ್ಲ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೇ ನೋಡಬಹುದು. ಕಾವೇರಿ ದಂಡೆಯ ಈ ಪುಟ್ಟ ಊರು ಸಂಗೀತಗಾರರ ಊರೆಂದೇ ನಾಡಿಗೆ ಪರಿಚಿತ. ಇಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ 2014ರಲ್ಲಿ ತೀರಿಕೊಂಡರೂ ಅವರ ದನಿಯನ್ನು ಇಂದಿಗೂ ಕೇಳಬಹುದು. ಆಕಾಶವಾಣಿ ಇತ್ತು, ಧ್ವನಿಮುದ್ರಣ ಇತ್ತು. ಆದರೆ ಅದೇ ಊರಿನಲ್ಲಿ ಅವರಿಗಿಂತ ನೂರು ವರ್ಷ ಮೊದಲು ಹಾಡಿದವರ ದನಿ ಹೊಳೆಯ ನೀರಿನಂತೆ ಹರಿದು ಹೋಯಿತು.

ನಟನ ಪಾಡೂ ಇದೇ. ಪರದೆ ಬಿದ್ದು ಬಣ್ಣ ಅಳಿಸಿದ ಮೇಲೆ ಪಾತ್ರ ಮುಗಿಯಿತು. ಮರುದಿನ ಕಟ್ಟುವ ವೇಷ ಮರುದಿನದ್ದು. ಇಂಥ ಕಲೆಗೆ ಜಪಾನಿನ ವ್ಯಾಪಾರಿಗಳು, ಚಿತ್ರಕಾರರು, ಮರಗೆತ್ತನೆಯವರು ಸೇರಿ ಸುಮಾರು 200 ವರ್ಷಗಳ ಕಾಲ ಒಂದು ದಾಖಲೆಯನ್ನು ಒದಗಿಸಿದರು. ಚರಿತ್ರೆಯನ್ನು ಉಳಿಸಬೇಕೆಂದಲ್ಲ, ನಾಲ್ಕು ಕಾಸು ಸಂಪಾದಿಸಬೇಕೆಂದು!

ಹೊಳೆಯ ದಂಡೆಯಿಂದ ನಾಟಕಶಾಲೆಗೆ

ಕಬುಕಿ ರಂಗಭೂಮಿಯ ಹುಟ್ಟನ್ನು ಸಾಮಾನ್ಯವಾಗಿ 1603ಕ್ಕೆ ಹೇಳುತ್ತಾರೆ. ಆ ವರ್ಷ ಒಕುನಿ ಎಂಬ ಮಹಿಳೆ ಕ್ಯೋಟೊ ನಗರದಲ್ಲಿ ತನ್ನ ತಂಡದೊಡನೆ ಕುಣಿದು ಜನರ ಮನ ಗೆದ್ದಳು. ಕಾಮೊ ಹೊಳೆಯ ಒಣಗಿದ ಮರಳಿನ ದಂಡೆಯೇ ಇಂಥ ಆಟಗಳ ಅಂಗಳ. ಹೆಣ್ಣಿನಿಂದ ಆರಂಭವಾದ ಈ ಕಲೆಯಿಂದ ಸರ್ಕಾರ 1629ರಲ್ಲಿ ಹೆಂಗಸರನ್ನೇ ಹೊರಗಿಟ್ಟಿತು. ಅವರ ಜಾಗಕ್ಕೆ ಬಂದ ಹದಿಹರೆಯದ ಹುಡುಗರ ತಂಡಗಳನ್ನು 1652ರಲ್ಲಿ ನಿಷೇಧಿಸಿತು. ಉಳಿದವರು ಪ್ರಾಯದ ಗಂಡಸರು. ಸ್ತ್ರೀವೇಷವನ್ನೂ ಅವರೇ ಕಟ್ಟಿದರು. ಯಕ್ಷಗಾನದ ಸ್ತ್ರೀವೇಷ, ಹಳೆಯ ಕಂಪನಿಗಳ ಸ್ತ್ರೀಪಾತ್ರಧಾರಿಗಳನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಎದೊ ನಗರದ ಜನಸಂಖ್ಯೆ ಸುಮಾರು 10 ಲಕ್ಷಕ್ಕೆ ಏರಿತ್ತು. ಅಲ್ಲಿ ಪರವಾನಗಿ ಪಡೆದ ದೊಡ್ಡ ನಾಟಕಶಾಲೆಗಳು ಮೂರು. ನಟರನ್ನು ‘ಹೊಳೆದಂಡೆಯವರು’ ಎಂದು ಸಮಾಜ ಕೀಳಾಗಿ ಕಾಣುತ್ತಿತ್ತು. ಅದೇ ಸಮಾಜ ಅವರ ಹೊಸ ವೇಷಕ್ಕಾಗಿ ಬೆಳಗಾಗುವ ಮೊದಲೇ ಎದ್ದು ಹೊರಡುತ್ತಿತ್ತು. ಅವರು ಉಡುವ ಬಟ್ಟೆಯ ಬಣ್ಣ, ಕಟ್ಟುವ ತುರುಬು ನಗರದ ಫ್ಯಾಷನ್ ಆಗುತ್ತಿತ್ತು. ಇಂಥ ಅಭಿಮಾನವಿದ್ದಲ್ಲಿ ಚಿತ್ರ ಮಾರಾಟವಾಗದೆ ಇರುತ್ತದೆಯೇ?

ಆರಂಭದ ನಟಚಿತ್ರಗಳನ್ನು ಬರೆದವರು ತೊರಿ ಮನೆತನದವರು. ಈ ಮನೆತನದ ಕಿಯೊನೊಬು (1664-1729) ನಾಟಕಶಾಲೆಯ ಮುಂದೆ ತೂಗುಹಾಕುವ ದೊಡ್ಡ ಬೋರ್ಡುಗಳನ್ನೂ ಬರೆಯುತ್ತಿದ್ದ. ದೂರದಿಂದ ಕಾಣಬೇಕಾದ ಬೋರ್ಡಿಗೆ ದಪ್ಪ ಗೆರೆ ಬೇಕು. ಅದೇ ಗೆರೆ ಕಾಗದಕ್ಕೂ ಬಂತು. ವೀರ ಪಾತ್ರಗಳ ಕಾಲಿನ ಮಾಂಸಖಂಡಗಳು ಸೋರೆಬುರುಡೆಯಂತೆ ಉಬ್ಬಿದವು. ಅಬ್ಬರದ ವೀರಾಭಿನಯಕ್ಕೆ ಹೆಸರಾದ ಮೊದಲನೆಯ ಇಚಿಕಾವಾ ದಾಂಜುರೊ (1660-1704) ಅಂಥವರಿಗೆ ಈ ಶೈಲಿ ಒಪ್ಪುತ್ತಿತ್ತು. ಆದರೆ ಮುಖಗಳೆಲ್ಲ ಒಂದೇ ಅಚ್ಚು. ಯಾವ ನಟ ಎಂದು ತಿಳಿಯಲು ಬಟ್ಟೆಯ ಮೇಲಿನ ಮನೆತನದ ಮುದ್ರೆಯನ್ನು ನೋಡಬೇಕಿತ್ತು. ದಾಂಜುರೊ ಮನೆತನದ ಮುದ್ರೆ ಒಂದರೊಳಗೊಂದು ಇಟ್ಟ ಮೂರು ಚೌಕಗಳು, ಅಂದರೆ ಅಕ್ಕಿ ಅಳೆಯುವ ಚೌಕನೆಯ ಮಾನಗಳು.

ಮುಖ ಬದಲಾದದ್ದು ಕತ್ಸುಕಾವಾ ಶುನ್ಶೊ ಎಂಬಾತನ ಕೈಯಲ್ಲಿ. 1770ರಲ್ಲಿ ಆತ ಮತ್ತು ಬುಂಚೊ ಎಂಬ ಇನ್ನೊಬ್ಬ ಚಿತ್ರಕಾರ ಸೇರಿ ನಟರ ಚಿತ್ರಗಳ ಪುಸ್ತಕವೊಂದನ್ನು ತಂದರು. ಪ್ರತಿ ಚಿತ್ರವೂ ಬೀಸಣಿಗೆಯ ಆಕಾರದ ಚೌಕಟ್ಟಿನಲ್ಲಿತ್ತು. ಮುದ್ರೆ ನೋಡದೆಯೂ ಇವನು ಇಂಥವನೇ ಎಂದು ಮೂಗಿನಿಂದ, ಹುಬ್ಬಿನಿಂದ ಗುರುತಿಸಬಹುದಿತ್ತು. ವೇಷದ ಹಿಂದಿನ ಮನುಷ್ಯ ಕಾಗದದ ಮೇಲೆ ಕಾಣಿಸಿಕೊಂಡ.

ಹಲವರ ಕೈ, ಇಬ್ಬರ ಹೆಸರು

ಈ ಚಿತ್ರಗಳು ಒಬ್ಬರ ಕೆಲಸವಲ್ಲ. ಬಂಡವಾಳ ಹಾಕಿ, ಯಾವ ನಾಟಕ, ಯಾವ ನಟ ಎಂದು ತೀರ್ಮಾನಿಸುವಾತ ಪ್ರಕಾಶಕ. ಚಿತ್ರಕಾರ ತೆಳುವಾದ ಕಾಗದದ ಮೇಲೆ ಮಸಿಯಲ್ಲಿ ಚಿತ್ರ ಬರೆದುಕೊಡುತ್ತಿದ್ದ. ಆ ಕಾಗದವನ್ನು ಚೆರ್ರಿ ಮರದ ಹಲಗೆಯ ಮೇಲೆ ಮಗುಚಿ ಅಂಟಿಸುತ್ತಿದ್ದರು. ಕೆತ್ತುವವನು ಗೆರೆಗಳನ್ನು ಮಾತ್ರ ಉಬ್ಬಾಗಿ ಉಳಿಸಿ ಉಳಿದ ಮರವನ್ನು ತೆಗೆಯುತ್ತಿದ್ದ. ಮೂಲ ಚಿತ್ರ ಅಲ್ಲಿಗೇ ನಾಶ. ನಟನ ಹಣೆಯ ಅಂಚಿನ ಕೂದಲನ್ನು ಒಂದೊಂದಾಗಿ ಬಿಡಿಸುವುದು ಬಹುಕಾಲ ಪಳಗಿದ ಕೈಗೆ ಮಾತ್ರ ಸಾಧ್ಯ.

1765ರ ಸುಮಾರಿಗೆ ಬಹುವರ್ಣದ ಮುದ್ರಣ ಬಂತು. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಸೀರೆಗೆ ಮರದ ಅಚ್ಚು ಹಾಕುವವರು ಬಲ್ಲಂತೆ, ಇಲ್ಲಿಯೂ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಜರುಗಿದರೂ ಹಾಳೆ ಕೆಟ್ಟಿತು. ಅದಕ್ಕಾಗಿ ಪ್ರತಿ ಹಲಗೆಯ ಅಂಚಿನಲ್ಲೂ ಒಂದೇ ಜಾಗದಲ್ಲಿ ಎರಡು ಗುರುತು ಕೆತ್ತಿ, ಕಾಗದದ ಮೂಲೆಯನ್ನು ಅದಕ್ಕೆ ತಾಗಿಸಿ ಇಡುತ್ತಿದ್ದರು. ಯಂತ್ರವಿಲ್ಲ. ಬಿದಿರಿನ ಹಾಳೆ ಸುತ್ತಿದ ದುಂಡನೆಯ ಮಟ್ಟಿನಿಂದ ಕಾಗದದ ಬೆನ್ನನ್ನು ಉಜ್ಜಿದರೆ ಬಣ್ಣ ಮೂಡುತ್ತಿತ್ತು. ಒಂದು ಚಿತ್ರದ ಬೆಲೆ ಬೀದಿಯಲ್ಲಿ ಸಿಗುವ ಒಂದು ಬಟ್ಟಲು ಶಾವಿಗೆಯ ಬೆಲೆಯ ಆಸುಪಾಸು.

ಹಾಳೆಯ ಮೇಲೆ ಚಿತ್ರಕಾರನ ಸಹಿ ಇರುತ್ತದೆ. ಪ್ರಕಾಶಕನ ಮುದ್ರೆ ಇರುತ್ತದೆ. ಕೆತ್ತಿದವನ, ಒತ್ತಿದವನ ಹೆಸರು ಬಹುತೇಕ ಇಲ್ಲ. ಇದನ್ನು ಓದುವಾಗ ಹಾಸನ ಜಿಲ್ಲೆಯವರಿಗೆ ತಮ್ಮೂರ ಕಲ್ಲುಗಳು ನೆನಪಾಗಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಬಿಟ್ಟುಹೋಗಿದ್ದಾರೆ. ಉಳಿಯ ಹಿಡಿದವನೇ ಹೆಸರು ಬರೆದ ಅಪರೂಪದ ಪರಂಪರೆ ಅದು. ಎದೊ ನಗರದ ಉಳಿಯವರಿಗೆ ಆ ಭಾಗ್ಯ ಬಹಳ ಮಟ್ಟಿಗೆ ಇರಲಿಲ್ಲ. ಇನ್ನು ಹೆಸರು ಉಳಿದ ಒಬ್ಬ ಚಿತ್ರಕಾರನ ಕತೆಯಂತೂ ಇನ್ನೂ ವಿಚಿತ್ರ.

ಹತ್ತು ತಿಂಗಳ ಕಲಾವಿದ

ಎದೊಬೆ ಎಂಬ ಕಳ್ಳನನ್ನು ಬರೆದವನು ತೋಶುಸಾಯ್ ಶರಾಕು. 1794ರ ಐದನೆಯ ತಿಂಗಳಲ್ಲಿ ಈ ಹೆಸರು ಮೊದಲ ಬಾರಿಗೆ ಕಾಣಿಸಿತು. ಒಮ್ಮೆಲೇ 28 ದೊಡ್ಡ ಚಿತ್ರಗಳು. ಹಾಳೆಯ ಅಳತೆ ಸುಮಾರು 15 ಇಂಚು ಉದ್ದ, 10 ಇಂಚು ಅಗಲ. ಹಿನ್ನೆಲೆಗೆ ಕಾಗೆಬಂಗಾರದ ಪುಡಿ ಬೆರೆಸಿದ ಕಪ್ಪು ಬಣ್ಣ. ದೀಪದ ಬೆಳಕಿನಲ್ಲಿ ಹಿಡಿದರೆ ಮಿನುಗುವ ಆ ಕತ್ತಲೆಯಿಂದ ನಟನ ಮುಖ ಮತ್ತು ಎದೆ ಮಾತ್ರ ಮುಂದಕ್ಕೆ ಬರುತ್ತವೆ. ಹೆಸರಿಲ್ಲದ ಹೊಸಬನಿಗೆ ಇಷ್ಟು ದುಬಾರಿ ಕೆಲಸ ಕೊಟ್ಟ ಪ್ರಕಾಶಕ ತ್ಸುತಾಯಾ ಜೂಜಬುರೊ. ಮೂರು ವರ್ಷ ಹಿಂದೆ, 1791ರಲ್ಲಿ, ಸರ್ಕಾರಕ್ಕೆ ಒಪ್ಪಿಗೆಯಾಗದ ಪುಸ್ತಕಗಳನ್ನು ಪ್ರಕಟಿಸಿದ್ದಕ್ಕಾಗಿ ಆತನ ಅರ್ಧ ಆಸ್ತಿಯನ್ನು ಮುಟ್ಟುಗೋಲು ಹಾಕಲಾಗಿತ್ತು.

ಶರಾಕು ಮಾಡಿದ್ದೇನು? ಬಣ್ಣ ಹಚ್ಚಿದ ಮುಖದೊಳಗಿನ ಮುಖವನ್ನು ಬರೆದ. ಆ ವರ್ಷ ಮೂರನೆಯ ಸೆಗಾವಾ ಕಿಕುನೊಜೊಗೆ 43ರ ಪ್ರಾಯ. ಸ್ತ್ರೀಪಾತ್ರಗಳಿಗೆ ನಾಡಿನಲ್ಲೇ ಹೆಸರಾದ ನಟ. ಬೇರೆ ಚಿತ್ರಕಾರರು ಆತನನ್ನು ಎಳೆಯ ಸುಂದರಿಯಂತೆ ಬರೆಯುತ್ತಿದ್ದರು. ಶರಾಕುವಿನ ಚಿತ್ರದಲ್ಲಿ ಸೀರೆಯಂಥ ನಯವಾದ ಉಡುಪಿನ ಮೇಲೆ ಗಂಡಸಿನ ಭಾರವಾದ ಗಲ್ಲ, ದಣಿದ ಕಣ್ಣು ಕಾಣುತ್ತವೆ. ಅಪಹಾಸ್ಯ ಮಾಡಲು ಬರೆದದ್ದಲ್ಲ. ಪಾತ್ರವೂ ಇದೆ, ಪಾತ್ರಧಾರಿಯೂ ಇದ್ದಾನೆ. ಎರಡೂ ಒಂದೇ ಮುಖದಲ್ಲಿ ಜಗ್ಗಾಡುತ್ತಿವೆ.

ಅಭಿಮಾನಿಗಳಿಗೆ ಬೇಕಾದದ್ದು ಇದಲ್ಲ. ಅದೇ ಕಾಲದಲ್ಲಿ, ಅದೇ ನಟರನ್ನು ಉತಗಾವಾ ತೊಯೊಕುನಿ (1769-1825) ಎಂಬ ತರುಣ ಅಂದವಾಗಿ, ಗಂಭೀರವಾಗಿ ಬರೆದ. ಗೆದ್ದವನು ತೊಯೊಕುನಿ. ಅವನ ಶಿಷ್ಯ ಪರಂಪರೆ ಮುಂದಿನ ಶತಮಾನವನ್ನೇ ಆಳಿತು. ಶರಾಕು ಮಾತ್ರ 1795ರ ಆರಂಭದಲ್ಲಿ ಕಾಣೆಯಾದ. ಹತ್ತು ತಿಂಗಳು, 140ಕ್ಕೂ ಹೆಚ್ಚು ಚಿತ್ರ, ಆಮೇಲೆ ಏನೂ ಇಲ್ಲ. ಆತ ನಟರ ಹೋಲಿಕೆಯನ್ನು ಅತಿಯಾಗಿ ಹಿಡಿಯಲು ಹೋಗಿ ಬರೆಯಬಾರದ್ದನ್ನು ಬರೆದ, ಅದಕ್ಕೇ ಹೆಚ್ಚು ದಿನ ಬಾಳಲಿಲ್ಲ ಎಂಬರ್ಥದ ಮಾತನ್ನು ಆ ಕಾಲದ ಲೇಖಕ ಒತಾ ನಾಂಪೊ ಬರೆದಿಟ್ಟಿದ್ದಾನೆ.

ಈತ ಯಾರು ಎಂಬ ಪ್ರಶ್ನೆಗೆ ಹತ್ತಾರು ಊಹೆಗಳು ಹುಟ್ಟಿದವು. ಯಾವುದೋ ಪ್ರಸಿದ್ಧ ಚಿತ್ರಕಾರನೇ ಹೆಸರು ಮರೆಸಿ ಬರೆದ ಎಂದವರಿದ್ದಾರೆ. 1844ರ ಒಂದು ಬರಹ ಮಾತ್ರ ನೇರ ಉತ್ತರ ಕೊಡುತ್ತದೆ. ಆತ ಸಾಯ್ತೊ ಜೂರೊಬೆ, ಆವಾ ಪ್ರಾಂತ್ಯದ ದೊರೆಯ ಆಶ್ರಯದಲ್ಲಿದ್ದ ನೋ ನಾಟಕದ ನಟ ಎಂದು. ‘ನೋ’ ಎಂಬುದು ಕಬುಕಿಗಿಂತ ಹಳೆಯದಾದ, ಮುಖವಾಡ ಧರಿಸಿ ಆಡುವ ಆಸ್ಥಾನದ ನಾಟಕ. ಆ ಹೆಸರಿನ ವ್ಯಕ್ತಿ ನಿಜವಾಗಿಯೂ ಇದ್ದನೆಂಬುದಕ್ಕೆ 1997ರಲ್ಲಿ ದೇವಾಲಯವೊಂದರ ಮರಣದ ದಾಖಲೆಯಲ್ಲಿ ಪುರಾವೆ ಸಿಕ್ಕಿತು. ಆತ 1820ರಲ್ಲಿ, 58ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವುದು ಈ ಹೆಸರನ್ನೇ. ಹಾಗಿದ್ದರೆ ಮುಖವಾಡದ ನಾಟಕದವನೊಬ್ಬ ಇತರ ನಟರ ಮುಖವಾಡವನ್ನು ತೆಗೆದು ತೋರಿಸಿದ ಎಂದಾಯಿತು.

ಆಮೆಗೆ ನಟನ ಮುಖ

ಅಗ್ಗದ ಹಾಳೆ ಎಂದು ಸರ್ಕಾರವೇನೂ ಉದಾಸೀನ ಮಾಡಲಿಲ್ಲ. 1790ರಿಂದ ಚಿತ್ರಗಳು ಮಾರಾಟಕ್ಕೆ ಬರುವ ಮೊದಲು ಪರಿಶೀಲನೆಯಾಗಿ ಒಪ್ಪಿಗೆಯ ಮುದ್ರೆ ಬೀಳಬೇಕಿತ್ತು. 1842ರಲ್ಲಿ ದೊಡ್ಡ ಪೆಟ್ಟೇ ಬಿತ್ತು. ದುಂದುಗಾರಿಕೆ ತಡೆಯುವ ಹೆಸರಿನಲ್ಲಿ ನಟರ ಮತ್ತು ವೇಶ್ಯೆಯರ ಚಿತ್ರಗಳನ್ನು ನಿಷೇಧಿಸಲಾಯಿತು. ನಾಟಕಶಾಲೆಗಳನ್ನು ನಗರದ ನಡುವಿನಿಂದ ಎಬ್ಬಿಸಿ ಅಸಾಕುಸಾ ಎಂಬ ಅಂಚಿನ ಬಡಾವಣೆಗೆ ಕಳಿಸಲಾಯಿತು. ಆಡಂಬರದ ಬದುಕಿನ ಆರೋಪದ ಮೇಲೆ ಏಳನೆಯ ದಾಂಜುರೊನನ್ನು ಎದೊದಿಂದ ಗಡೀಪಾರು ಮಾಡಿದರು.

ಚಿತ್ರಕಾರರು ದಾರಿ ಹುಡುಕಿದರು. ಉತಗಾವಾ ಕುನಿಯೊಶಿ ಆಮೆಗಳನ್ನು, ಮೀನುಗಳನ್ನು ಬರೆದ. ನಿಷೇಧ ಇರುವುದು ನಟರ ಚಿತ್ರಕ್ಕೆ ತಾನೆ? ಆಮೆಯ ಚಿತ್ರಕ್ಕೆ ಯಾರ ಅಡ್ಡಿ? ಆದರೆ ಆಮೆಗಳ ಮುಖ ಮಾತ್ರ ಊರಿಗೆಲ್ಲ ಪರಿಚಯದ ನಟರದು! 1847-48ರ ಸುಮಾರಿಗೆ ಆತ ಇನ್ನೂ ಒಂದು ಉಪಾಯ ಮಾಡಿದ. ಪೋಲಿ ಹುಡುಗರು ಉಗ್ರಾಣದ ಸುಣ್ಣದ ಗೋಡೆಯ ಮೇಲೆ ಮೊಳೆಯಿಂದ ಗೀಚಿದಂತೆ ಅಂಕುಡೊಂಕಾಗಿ ನಟರ ಮುಖಗಳನ್ನು ಬರೆದು ಅಚ್ಚು ಹಾಕಿಸಿದ. ನೋಡಿದವರಿಗೆ ಯಾರು ಯಾರೆಂದು ಹೇಳಿಕೊಡಬೇಕಿರಲಿಲ್ಲ.

ಕ್ರಮೇಣ ನಿಷೇಧ ಸಡಿಲವಾಯಿತು. 1854ರಲ್ಲಿ ಎಂಟನೆಯ ದಾಂಜುರೊ ಒಸಾಕಾ ನಗರದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮೂವತ್ತರ ಆಸುಪಾಸಿನ ಚೆಲುವ, ಗಡೀಪಾರಾಗಿದ್ದ ಏಳನೆಯ ದಾಂಜುರೊನ ಮಗ. ಸುದ್ದಿ ಎದೊಗೆ ತಲುಪಿದ ಕೆಲವೇ ದಿನಗಳಲ್ಲಿ ಅವನ ನೆನಪಿನ ಚಿತ್ರಗಳು ಅಂಗಡಿಗಳಿಗೆ ಬಂದವು. ತಿಳಿನೀಲಿ ಉಡುಪು, ಕೈಯಲ್ಲಿ ಜಪಮಾಲೆ, ಸುತ್ತ ಅಳುವ ಹೆಂಗಸರು. ಬೇರೆ ಬೇರೆ ವಿನ್ಯಾಸದ ಇಂಥ ಚಿತ್ರಗಳು ನೂರಾರು. ದಿನಪತ್ರಿಕೆಗಳಿಲ್ಲದ ಕಾಲದಲ್ಲಿ ಇವೇ ಶ್ರದ್ಧಾಂಜಲಿಯ ಪುಟಗಳು.

ಹಾಳೆಗಳಿಂದ ಚರಿತ್ರೆ

1868ರ ರಾಜಕೀಯ ಬದಲಾವಣೆಯ ನಂತರ ಜಪಾನಿನಲ್ಲಿ ಫೋಟೊ, ಕಲ್ಲಚ್ಚು, ಪತ್ರಿಕೆಗಳು ವೇಗವಾಗಿ ಹರಡಿದವು. ನಟಚಿತ್ರಗಳ ಕೊನೆಯ ದೊಡ್ಡ ಹೆಸರು ತೊಯೊಹಾರಾ ಕುನಿಚಿಕಾ. ಆತ 1900ರಲ್ಲಿ ತೀರಿಕೊಂಡ. ಅದಕ್ಕೂ ಒಂದು ವರ್ಷ ಮೊದಲೇ, 1899ರಲ್ಲಿ, ಒಂಬತ್ತನೆಯ ದಾಂಜುರೊ ಚಲನಚಿತ್ರ ಕ್ಯಾಮೆರಾದ ಮುಂದೆ ಕುಣಿದಿದ್ದ. ‘ಮೊಮಿಜಿಗಾರಿ’ ಎಂಬ ಆ ಕಿರುಚಿತ್ರ ಜಪಾನಿನಲ್ಲಿ ಉಳಿದಿರುವ ಅತಿ ಹಳೆಯ ಚಿತ್ರಗಳಲ್ಲೊಂದು. ಮರದ ಹಲಗೆಯ ಕೆಲಸವನ್ನು ಯಂತ್ರ ವಹಿಸಿಕೊಂಡಿತ್ತು.

ಅಷ್ಟರಲ್ಲಿ ಹಳೆಯ ಹಾಳೆಗಳು ಕಡಲು ದಾಟಿದ್ದವು. ಪ್ಯಾರಿಸಿನಲ್ಲಿ ವಿನ್ಸೆಂಟ್ ವ್ಯಾನ್ ಗೋ ಅವುಗಳನ್ನು ಕೂಡಿಹಾಕುತ್ತಿದ್ದ. ಜರ್ಮನಿಯ ಯೂಲಿಯಸ್ ಕುರ್ತ್ 1910ರಲ್ಲಿ ಶರಾಕು ಕುರಿತೇ ಪುಸ್ತಕ ಬರೆದ. ತನ್ನ ಊರಿನಲ್ಲಿ ಒಂದು ವರ್ಷವೂ ಬಾಳದ ಚಿತ್ರಕಾರ ಅಲ್ಲಿಂದ ಜಗತ್ತಿನ ಮಹಾ ಕಲಾವಿದರ ಸಾಲಿಗೆ ಸೇರಿದ. ಎದೊಬೆಯ ಹಾಳೆಗಳು ಇಂದು ಟೋಕಿಯೊ, ನ್ಯೂಯಾರ್ಕ್, ಷಿಕಾಗೊ, ಲಂಡನ್ ವಸ್ತುಸಂಗ್ರಹಾಲಯಗಳಲ್ಲಿವೆ.

ಆದರೆ ಇವುಗಳ ಬೆಲೆ ಕಲೆಯದ್ದಷ್ಟೇ ಅಲ್ಲ. ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದಲ್ಲಿ 1928ರಲ್ಲಿ ಸ್ಥಾಪನೆಯಾದ ರಂಗಭೂಮಿ ವಸ್ತುಸಂಗ್ರಹಾಲಯವಿದೆ. ಅಲ್ಲಿ ಇಂಥ 40 ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ಅನೇಕ ಹಾಳೆಗಳ ಮೇಲೆ ದಿನಾಂಕವಿಲ್ಲ. ವಿದ್ವಾಂಸರು ಉಡುಪಿನ ಮುದ್ರೆಯಿಂದ ನಟನನ್ನು, ವೇಷದಿಂದ ಪಾತ್ರವನ್ನು ಗುರುತಿಸುತ್ತಾರೆ. ಬಳಿಕ ನಾಟಕಶಾಲೆಗಳು ಹಂಚುತ್ತಿದ್ದ ಕರಪತ್ರಗಳಲ್ಲಿ ಆ ನಟ ಆ ಪಾತ್ರವನ್ನು ಯಾವ ತಿಂಗಳು ಆಡಿದನೆಂದು ಹುಡುಕುತ್ತಾರೆ. ಎರಡೂ ಕೂಡಿದರೆ ಯಾವ ನಾಟಕ, ಯಾವ ಉಡುಪು, ಯಾವ ತಲೆಗಟ್ಟು, ಯಾವ ನಿಲುವು ಎಂಬುದೆಲ್ಲ ತಿಳಿಯುತ್ತದೆ. ಶರಾಕುವಿನ ಹತ್ತು ತಿಂಗಳ ಲೆಕ್ಕವನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದೂ ಹೀಗೆಯೇ. ಅಂದರೆ ಚಿತ್ರದಷ್ಟೇ ಮುಖ್ಯವಾಗಿ ಬೇಕಾದದ್ದು ನಾಟಕ ಮುಗಿದ ಮೇಲೆ ಯಾರೂ ಇಟ್ಟುಕೊಳ್ಳದ ಕರಪತ್ರ.

ಕನ್ನಡದ ಕಂಪನಿಗಳೂ ಕರಪತ್ರ ಹಂಚಿದವು. ಊರಿಗೆ ಕಂಪನಿ ಬಂದರೆ ಗಾಡಿಯ ಮೇಲೆ ಬ್ಯಾಂಡು ಬಾರಿಸುತ್ತ ಬಣ್ಣದ ಕಾಗದಗಳನ್ನು ಎರಚಿ ಹೋಗುವುದು, ಮಕ್ಕಳು ಅದರ ಹಿಂದೆ ಓಡುವುದು ಹಳಬರಿಗೆಲ್ಲ ಗೊತ್ತಿರುವ ದೃಶ್ಯ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1934ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಅದಕ್ಕೂ ಮೊದಲು ಎ.ವಿ. ವರದಾಚಾರ್ಯರು ಮೈಸೂರು ಸೀಮೆಯ ಪ್ರೇಕ್ಷಕರನ್ನು ತಮ್ಮ ಕಂಠದಿಂದ ಹಿಡಿದಿಟ್ಟಿದ್ದರು. ಅವರ ಕಾಲದ ನಾಟಕಗಳನ್ನು ಇಂದು ತಿಂಗಳು ತಿಂಗಳಾಗಿ ಲೆಕ್ಕ ಹಾಕಬೇಕಾದರೆ ಬೇಕಾಗುವುದು ಅದೇ ಎರಚಿದ ಕಾಗದ. ಅದರಲ್ಲಿ ಬಹುಪಾಲು ಮಳೆಗೆ ಕರಗಿತು, ಒಲೆಗೆ ಹೋಯಿತು, ದಿನಸಿ ಅಂಗಡಿಯ ಪೊಟ್ಟಣವಾಯಿತು. ಉಳಿದದ್ದು ಎಲ್ಲೋ ಕೆಲವರ ಅಟ್ಟದ ಟ್ರಂಕುಗಳಲ್ಲಿ, ಪಾತ್ರಧಾರಿಗಳ ಮೊಮ್ಮಕ್ಕಳ ಆಲ್ಬಮ್ಮುಗಳಲ್ಲಿ ಇರಬಹುದು. ಮನೆ ಬದಲಿಸುವಾಗ, ಸುಣ್ಣ ಹೊಡೆಸುವಾಗ ಮೊದಲು ಹೊರಗೆ ಬೀಳುವುದು ಇಂಥ ಕಾಗದವೇ.

ಎದೊ ನಗರದವರೂ ನಮಗಿಂತ ಜಾಣರಾಗಿರಲಿಲ್ಲ. ಅವರೂ ಆ ಚಿತ್ರಗಳನ್ನು ಗೋಡೆಗೆ, ಪರದೆಗೆ ಅಂಟಿಸಿದರು, ಹಳತಾದಾಗ ಎಸೆದರು. ನೂರರಲ್ಲಿ ಕೆಲವನ್ನು ಯಾರೋ ಮಡಿಸದೆ ಎತ್ತಿಟ್ಟರು. ಅಷ್ಟರಿಂದಲೇ ಒಂದು ರಂಗಭೂಮಿಯ ಚರಿತ್ರೆ ಸಿಕ್ಕಿತು. ಆಡಿದ ಒನಿಜಿ ಹೋದ, ಬರೆದ ಶರಾಕು ಹೋದ, ಕೆತ್ತಿದವನ ಹೆಸರೂ ತಿಳಿಯದು. ಕಾಗೆಬಂಗಾರದ ಕತ್ತಲೆಯಲ್ಲಿ ಆ ಕಳ್ಳ ಮಾತ್ರ ಹತ್ತು ಬೆರಳನ್ನೂ ಹರಡಿಕೊಂಡು ಹಣದ ಮೇಲೆ ಬೀಳಲು ಇನ್ನೂ ಹೊಂಚು ಹಾಕಿ ನಿಂತಿದ್ದಾನೆ.